ಐದು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ

ಮನೆಯ ಗೋಡೆಗೆ ಹಾಕಿಸಿಕೊಂಡ 7.4 ಕಿಲೋವ್ಯಾಟ್ ಚಾರ್ಜರ್ ಕಾರಿಗೆ ಕೊಡುವುದು 32 ಆಂಪಿಯರ್. ಅಂದರೆ ತಂತಿಯ ಯಾವುದೇ ಒಂದು ಜಾಗವನ್ನು ಸೆಕೆಂಡಿಗೆ ಸುಮಾರು ಇಪ್ಪತ್ತು ಲಕ್ಷ ಕೋಟಿ ಕೋಟಿ ಎಲೆಕ್ಟ್ರಾನುಗಳು ದಾಟುತ್ತವೆ. 2 ಬರೆದು ಮುಂದೆ 20 ಸೊನ್ನೆ ಹಾಕಿ ನೋಡಿ. ತಮಾಷೆಯೆಂದರೆ, ಇವುಗಳಲ್ಲಿ ಒಂದೂ ಗೋಡೆಯಿಂದ ಕಾರಿನವರೆಗೆ ಹೋಗುವುದಿಲ್ಲ. ಎಸಿ ಕರೆಂಟಿನಲ್ಲಿ ಅವು ಇದ್ದಲ್ಲೇ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರ್ನಾಲ್ಕು ಪಾಲಿನಷ್ಟು ಹಿಂದೆ ಮುಂದೆ ಅಲ್ಲಾಡುತ್ತವೆ, ಅಷ್ಟೇ.

ಫೇಸ್‌ನಲ್ಲಿ ಹೋದದ್ದೆಲ್ಲ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಒಂದಿಷ್ಟು ತಪ್ಪಿಸಿಕೊಂಡು ನೆಲಕ್ಕಿಳಿದರೆ ಕೆಂಪು ದೀಪ, ‘ಗ್ರೌಂಡ್ ಫಾಲ್ಟ್’. ಎಷ್ಟು ತಪ್ಪಿಸಿಕೊಂಡರೆ? 30 ಮಿಲಿಆಂಪಿಯರ್‌ಗೆ ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡರೆ ಲೈನ್ ಕಡಿಯುವ ಸ್ವಿಚ್ಚು, ಬೀಳಲೇಬೇಕು; ಅದು 32 ಆಂಪಿಯರ್‌ನ ಸಾವಿರದಲ್ಲಿ ಒಂದು ಪಾಲೂ ಅಲ್ಲ. ಸೋರುವುದು ಡಿಸಿ ಆದರೆ ಚಾರ್ಜರ್ ನಿಲ್ಲಲು 6 ಮಿಲಿಆಂಪಿಯರೇ ಸಾಕು. ಗಲ್ಲಾಪೆಟ್ಟಿಗೆಯಲ್ಲಿ 5,300 ರೂಪಾಯಿಗೆ ಒಂದು ರೂಪಾಯಿ ಕಮ್ಮಿ ಬಂತೆಂದು ಅಂಗಡಿಯನ್ನೇ ಮುಚ್ಚಿದ ಹಾಗೆ. ಈ ಲೆಕ್ಕಕ್ಕೆ ಎಣಿಕೆ ಗಿಣಿಕೆ ಏನೂ ಇಲ್ಲ. ಎರಡೂ ತಂತಿಗಳನ್ನು ಒಂದೇ ಉಂಗುರದೊಳಗೆ ಹಾಯಿಸಿರುತ್ತಾರೆ. ಹೋಗುವುದರ ಕಾಂತಕ್ಷೇತ್ರವನ್ನು ಬರುವುದು ಅಳಿಸುತ್ತದೆ. ಅಳಿಸದೆ ಉಳಿದದ್ದೇ ಸೋರಿಕೆ. ಡಿಸಿ ಸೋರಿದರೆ ಈ ಉಂಗುರ ಮಂಕಾಗಿ ಎಸಿ ಸೋರಿಕೆಯನ್ನೂ ಗುರುತಿಸದೆ ಹೋಗಬಹುದು, ಅದಕ್ಕೇ ಅದರ ಮೇಲೆ ಅಷ್ಟು ಕಣ್ಣು.

ಅತಿಯಾಯಿತು ಅನ್ನಿಸಬಹುದು. ಆದರೆ ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಕೈಗೆ ಕರೆಂಟ್ ಹಾಯಿಸಿಯೇ ಅಳೆದಿದ್ದರು: ಹಿಡಿದ ತಂತಿಯನ್ನು ಬಿಡಲಾಗದ ಹಂತ ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ 10.5. ಕಾರು ಕುಡಿಯುವುದರಲ್ಲಿ ಎರಡು ಸಾವಿರದಲ್ಲಿ ಒಂದು ಪಾಲು ಸಾಕು, ಕೈ ಕಚ್ಚಿಕೊಳ್ಳಲು!

ಇನ್ನು ಸೋರುವುದೆಲ್ಲಿ? ಒಳ್ಳೆಯ ವೈರಿಂಗಿನ ಇನ್ಸುಲೇಷನ್ ಕಡೇಪಕ್ಷ 10 ಲಕ್ಷ ಓಮ್ ಇರಬೇಕು; 230 ವೋಲ್ಟಿಗೆ ಸೋರುವುದು ಕಾಲು ಮಿಲಿಆಂಪಿಯರ್ ಕೂಡ ಅಲ್ಲ. ಅದೇ 7,700 ಓಮ್‌ಗೆ ಇಳಿದರೆ 30 ಮಿಲಿಆಂಪಿಯರ್. ಮಳೆ ನೀರು ಕಾರಿಗೆ ಚುಚ್ಚುವ ಚಾರ್ಜಿಂಗ್ ಗನ್ನಿನ ಬಾಯೊಳಗೆ ಪಿನ್ನುಗಳ ಸುತ್ತ ಕೂತರೂ ಸೋರಿಕೆಗೆ ದಾರಿಯಾದೀತು. ಮೊದಲು ಗನ್ನನ್ನು ಕಾರಿನಿಂದ ಬಿಡಿಸಿ ನೋಡಬೇಕು. ಎರರ್ ಹೋದರೆ ಗನ್ನು, ಕೇಬಲ್ಲು ಅಥವಾ ಕಾರಿನ ಮೇಲೆ ಅನುಮಾನ. ಹೋಗದಿದ್ದರೆ ಚಾರ್ಜರ್ ಅಥವಾ ಮನೆಯ ವೈರಿಂಗ್. ಆಮೇಲಿನದು ಇನ್ಸುಲೇಷನ್ ಅಳೆಯುವ ಮೆಗ್ಗರ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಮೆಗ್ಗರ್ 500 ವೋಲ್ಟ್ ಹಾಯಿಸುತ್ತದೆ, ಚಾರ್ಜರನ್ನು ಮೊದಲು ಬಿಚ್ಚಿಡದಿದ್ದರೆ ಅದರ ಸರ್ಕ್ಯೂಟೇ ಹೋದೀತು.

ಎಷ್ಟೋ ಸಲ ಸೋರಿಕೆಯೇ ಇರುವುದಿಲ್ಲ. ಚಾರ್ಜರಿನ ನ್ಯೂಟ್ರಲನ್ನು ಪಕ್ಕದ ಲೈನಿನ ನ್ಯೂಟ್ರಲ್ ಜೊತೆ ಯಾರೋ ಗಂಟು ಹಾಕಿರುತ್ತಾರೆ. ವಾಪಸ್ ಬರುವ ಕರೆಂಟ್ ಉಂಗುರ ತಪ್ಪಿಸಿ ಬೇರೆ ದಾರಿ ಹಿಡಿಯುತ್ತದೆ. ರಗಳೆಯೇ ಬೇಡವೆಂದು ಆರ್‌ಸಿಸಿಬಿ ಕಿತ್ತು ಬರೀ 40 ಆಂಪಿಯರ್ ಎಂಸಿಬಿ ಹಾಕಿಕೊಡುವವರೂ ಇದ್ದಾರೆ. ಆ ಎಂಸಿಬಿಗೆ 30 ಮಿಲಿಆಂಪಿಯರ್ ಲೆಕ್ಕಕ್ಕೇ ಇಲ್ಲ. ಅದು ಬೀಳಬೇಕಾದರೆ ಆ ಸೋರಿಕೆಯ ಸಾವಿರದ ಮುನ್ನೂರು ಪಟ್ಟಿಗಿಂತಲೂ ಹೆಚ್ಚು ಹರಿಯಬೇಕು.