ಅಡವಿಗೂ ರಹದಾರಿ

ಅಮೆರಿಕದ 1964ರ ವನ್ಯಪ್ರದೇಶ ಶಾಸನವನ್ನು ಓದುತ್ತಿದ್ದಾಗ ಅದರ ವ್ಯಾಖ್ಯೆಯಲ್ಲಿರುವ ‘ಅನ್‌ಟ್ರ್ಯಾಮಲ್ಡ್’ ಎಂಬ ಪದ ನನ್ನನ್ನು ತಡೆದು ನಿಲ್ಲಿಸಿತು. ‘ಟ್ರ್ಯಾಮಲ್’ ಎಂದರೆ ಮೀನಿನ ಬಲೆ. ಕುದುರೆಯ ಕಾಲಿಗೆ ಬಿಗಿಯುವ ಕಟ್ಟೂ ಹೌದು. ನಮ್ಮ ‘ತೊಡರು’ ಶಬ್ದ ಇವೆರಡಕ್ಕೂ ಒಪ್ಪುತ್ತದೆ. ತೊಡರಿಲ್ಲದ ನೆಲವೇ ವನ್ಯ. ಮನುಷ್ಯನು ಅಲ್ಲಿಗೆ ಬಂದುಹೋಗುವ ಅತಿಥಿ ಮಾತ್ರ ಎಂಬುದು ಶಾಸನದ ತಾತ್ಪರ್ಯ. ಅದರ ಕರಡನ್ನು ರಚಿಸಿದ ಹೊವರ್ಡ್ ಜಾನಿಸರ್ ಎಂಟು ವರ್ಷಗಳಲ್ಲಿ 66 ಸಲ ತಿದ್ದಿ ಬರೆದರು. ಮಿತ್ರರು ಬೇಡವೆಂದರೂ ಆ ಪದವನ್ನು ಮಾತ್ರ ಬಿಡಲಿಲ್ಲ. ಅಧ್ಯಕ್ಷ ಜಾನ್ಸನ್ನರ ಸಹಿ ಬಿದ್ದುದು ಸೆಪ್ಟೆಂಬರ್ 3ರಂದು. ಅದಕ್ಕೆ ನಾಲ್ಕು ತಿಂಗಳ ಮೊದಲೇ ಜಾನಿಸರ್ ತೀರಿಕೊಂಡಿದ್ದರು.

ನೆಲವು ತೊಡರಿನಿಂದ ಪಾರಾಯಿತು. ಆದರೆ ಅದನ್ನು ಮೆಚ್ಚಿ ಬಂದವರ ಸಂಖ್ಯೆ ಬೆಳೆದಂತೆ ತೊಡರು ಬಂದವರ ಕಾಲಿಗೇ ಬಿತ್ತು. ಕ್ಯಾಲಿಫೋರ್ನಿಯಾದ ವಿಟ್ನಿ ಶಿಖರದ ಎತ್ತರ 14,505 ಅಡಿ. ಮೇ 1ರಿಂದ ನವೆಂಬರ್ 1ರವರೆಗೆ ಅದರ ಮುಖ್ಯ ದಾರಿಯಲ್ಲಿ, ಹಗಲಲ್ಲೇ ಹತ್ತಿಳಿಯುವವರಾದರೆ ದಿನಕ್ಕೆ 100 ಮಂದಿಗೆ, ರಾತ್ರಿ ತಂಗುವವರಾದರೆ 60 ಮಂದಿಗೆ ಮಾತ್ರ ರಹದಾರಿ. ಫೆಬ್ರವರಿಯಲ್ಲೇ ಅರ್ಜಿ ಹಾಕಬೇಕು, ಆಯ್ಕೆ ಲಾಟರಿಯಿಂದ. ಹತ್ತುವವನು ತನ್ನ ಮಲವನ್ನು ಸಹ ಚೀಲದಲ್ಲಿ ಕಟ್ಟಿ ಕೆಳಗೆ ತರಬೇಕು. ಓದುಗರಿಗೆ ನಗು ಬಂದೀತು. ಆದರೆ ಅಷ್ಟು ಎತ್ತರದಲ್ಲಿ ಬಂಡೆಯುಂಟು, ಹೂಳಲು ಮಣ್ಣು ಸಾಲದು. ಚಳಿಯಲ್ಲಿ ಯಾವುದೂ ಬೇಗ ಕೊಳೆಯದು. ಕೆಳಗಿನ ತೊರೆಯ ನೀರನ್ನು ಕುಡಿಯುವವನಿಗೆ ಈ ನಿಯಮದಲ್ಲಿ ನಗುವಂಥದೇನೂ ಕಾಣಲಾರದು. ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ನೆತ್ತಿಗೆ ಉಕ್ಕಿನ ಹಗ್ಗ ಹಿಡಿದು ಏರುವವರಿಗೂ, ಅಲ್ಲಿನ ನೂಕುನುಗ್ಗಲಿನ ಕಾರಣದಿಂದ, 2010ರಲ್ಲಿ ರಹದಾರಿಯ ಪದ್ಧತಿ ಬಂದಿತು.

ಮಿತಿ ಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಯಾರನ್ನು ಬಿಡಬೇಕೆಂಬುದೇ ಕಷ್ಟದ ಪ್ರಶ್ನೆ. ದರವನ್ನು ಏರಿಸಿ ಜನರನ್ನು ತಡೆದಿದ್ದರೆ ಬೆಟ್ಟ ಧನಿಕರ ಸೊತ್ತಾಗುತ್ತಿತ್ತು. ಲಾಟರಿಗೆ ಬಡವ ಬಲ್ಲಿದರೆಂಬ ಭೇದವಿಲ್ಲ. ಮೇಲುನೋಟಕ್ಕೆ ಇದು ನಿಜ. ಆದರೆ ತನ್ನ ಬಿಡುವಿನ ದಿನ ತಿಂಗಳುಗಳ ಮೊದಲೇ ಯಾರಿಗೆ ಗೊತ್ತಿರುತ್ತದೆ? ಪಾಠ ಹೇಳುವ ನನ್ನಂಥವನಿಗೆ ರಜೆಯ ಪಟ್ಟಿಯಿದೆ. ಹೋಟೆಲಿನಲ್ಲಿ ತಟ್ಟೆ ತೊಳೆಯುವವನಿಗೆ ಅದಿಲ್ಲ. ಅವನಿಗೆ ಬಿಡುವು ಸಿಗುವುದೇ ಹಠಾತ್ತಾಗಿ.

ಇದಕ್ಕೆ ಅರಿಜೋನಾದಲ್ಲಿ ಒಂದು ಉಪಾಯ ಮಾಡಿದ್ದಾರೆ. ಯೂಟಾ ಗಡಿಯ ಬಳಿ ‘ದಿ ವೇವ್’ ಎಂಬ ಅಲೆಯಾಕಾರದ ಮರಳುಗಲ್ಲಿನ ತಾಣವಿದೆ. ಅಲ್ಲಿಗೆ ದಿನಕ್ಕೆ ಹೆಚ್ಚೆಂದರೆ 64 ಮಂದಿಗೆ ಪ್ರವೇಶ. ಅದರಲ್ಲಿ 48 ಮಂದಿಯ ಲಾಟರಿ ನಾಲ್ಕು ತಿಂಗಳು ಮೊದಲು ನಡೆಯುತ್ತದೆ. ಉಳಿದ 16 ಮಂದಿಯದು ಎರಡು ದಿನ ಮೊದಲು, ಅದೂ ಆ ಸೀಮೆಗೆ ಬಂದು ತಲುಪಿದವರ ನಡುವೆ ಮಾತ್ರ.