ಸವಾರೊ ಕಳ್ಳಿಯ ಸಸಿ

ನಮ್ಮ ಕಡೆ ಕಳ್ಳಿಯೆಂದರೆ ಬೇಲಿ. ಒಂದು ತುಂಡನ್ನು ಮುರಿದು ನೆಲಕ್ಕೆ ಚುಚ್ಚಿದರೆ ಅದರ ಪಾಡಿಗೆ ಅದು ಬದುಕಿಕೊಳ್ಳುತ್ತದೆ. ಬೀಜ ಬಿತ್ತಿ ಅದನ್ನು ಬೆಳೆಸಿದವರುಂಟೆಂದು ನಾನು ಕೇಳಿರಲಿಲ್ಲ. ಆದುದರಿಂದ, ಆರು ವರ್ಷಗಳ ಹಿಂದೆ ಬೀಜದ ವ್ಯಾಪಾರಿಯೊಬ್ಬರಿಂದ ತರಿಸಿದ 40 ಕಳ್ಳಿಬೀಜಗಳನ್ನು ನಾನು ಕುಂಡದಲ್ಲಿ ಬಿತ್ತುತ್ತಿದ್ದಾಗ, ಜಗಲಿಯ ಮೇಲೆ ಕುಳಿತಿದ್ದ ನಮ್ಮ ತಂದೆಯವರು ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅದು ಸವಾರೊ ಎಂಬ ಕಂಬಗಳ್ಳಿ. ಹೆಸರು ಕೇಳಿದರೆ ನಮ್ಮ ಕುದುರೆಸವಾರ ನೆನಪಾಗುತ್ತಾನೆ, ಸಂಬಂಧವೇನೂ ಇಲ್ಲ. ಅಮೆರಿಕದ ಅರಿಜೋನ ಮತ್ತು ಮೆಕ್ಸಿಕೋದ ಸೊನೋರ ಪ್ರಾಂತಗಳ ಮರುಭೂಮಿ ಅದರ ತವರು. ಅಲ್ಲಿ ಅದು 40 ಅಡಿಗೂ ಮೀರಿ ಬೆಳೆದು, 150 ವರ್ಷಕ್ಕೂ ಹೆಚ್ಚು ಕಾಲ ಬಾಳುವುದುಂಟು. 1908ರಲ್ಲಿ ಬ್ರಿಟನ್ ಮತ್ತು ರೋಸ್ ಎಂಬ ಸಸ್ಯಶಾಸ್ತ್ರಜ್ಞರು ಅದರ ಕುಲಕ್ಕೆ ಉಕ್ಕಿನ ಧಣಿ ಆಂಡ್ರೂ ಕಾರ್ನೆಗಿಯ ಹೆಸರನ್ನಿಟ್ಟರು. ಆದರೆ ಅದನ್ನು ನಿಜವಾಗಿ ಬಲ್ಲವರು ಆ ನೆಲದ ತೊಹೊನೊ ಓಧಮ್ ಜನ. ಸತ್ತ ಸವಾರೊವಿನ ಒಡಲಿನಿಂದ ತೆಗೆದ ಉದ್ದನೆಯ ಗಳುಗಳಿಂದಲೇ ಬದುಕಿರುವ ಸವಾರೊವಿನ ಹಣ್ಣನ್ನು ಕೆಡವುತ್ತಾರೆ. ಮಳೆಗಾಲ ಹಿಡಿಯುವ ಮುನ್ನ ನಡೆಯುವ ಈ ಸುಗ್ಗಿಯೇ ಅವರ ಹೊಸ ವರ್ಷದ ಮೊದಲು.

ಭಾಷೆಯ ಮೇಷ್ಟರಾದ ತಪ್ಪಿಗೆ ಇಲ್ಲೊಂದು ಮಾತು ಹೇಳಬೇಕು. ನಾವು ಎಲ್ಲವನ್ನೂ ‘ಕಳ್ಳಿ’ ಎಂದುಬಿಡುತ್ತೇವೆ. ಹಾಲು ಸುರಿಸುವ ನಮ್ಮ ಚದುರಗಳ್ಳಿ ಔಡಲದ ಕುಟುಂಬದ್ದು. ಹೊರಗಿನಿಂದ ಬಂದ ಪಾಪಾಸುಕಳ್ಳಿಯೇ ಸವಾರೊವಿನ ದಾಯಾದಿ.

ಬೀಜ ಸಾಸುವೆಯಷ್ಟು, ಕಪ್ಪು, ಹೊಳಪು. ದಪ್ಪ ಮರಳಿಗೆ ಸ್ವಲ್ಪ ಎಲೆಗೊಬ್ಬರ ಬೆರೆಸಿ, ಮೇಲೆ ಉದುರಿಸಿದರೆ ಸಾಕು. ಮೊಳೆಯಲು ಬೆಳಕು ಬೇಕಾದ್ದರಿಂದ ಮಣ್ಣು ಮುಚ್ಚಬಾರದು. ತೇವ ಆರದಿರಲೆಂದು ಗಾಜು ಹೊದಿಸಿದೆ. ಹತ್ತು ದಿನಗಳೊಳಗೆ 31 ಮೊಳೆತವು. ಮೊದಲು ಎರಡು ಕೊಬ್ಬಿದ ಬೀಜದಳ, ಆಮೇಲೆ ಅವುಗಳ ನಡುವೆ ಕೂದಲಿನಂತಹ ಮುಳ್ಳಿನ ಗೊಂಚಲು. ಸಂಭ್ರಮದಲ್ಲಿ ಗಾಜು ತೆಗೆಯುವುದನ್ನು ಮರೆತೆ. ಬೂಷ್ಟು ಹಿಡಿದು, ವಾರದಲ್ಲಿ ಹನ್ನೆರಡು ಸಸಿಗಳು ಬುಡ ಕೊಳೆತು ಮಲಗಿದವು. ಉಳಿದವು ಮರುಭೂಮಿಯ ಮಕ್ಕಳಲ್ಲವೆ ಎಂದು ಏಪ್ರಿಲ್ ಬಿಸಿಲಿನಲ್ಲಿ ಇಟ್ಟೆ. ಎರಡೇ ದಿನಕ್ಕೆ ಕೆಂಪಾಗಿ ಸೊರಗಿದವು.

ಸಂಜೆ ಕಾಲೇಜಿನಿಂದ ಬಂದಾಗ ಕುಂಡ ಕರಿಬೇವಿನ ಗಿಡದ ಕೆಳಗಿತ್ತು.

“ಕಳ್ಳಿಗೆ ಬಿಸಿಲು ಬೇಕಲ್ಲವೇನಪ್ಪ?” ಎಂದೆ.

“ದೊಡ್ಡದಕ್ಕೆ ಬೇಕು. ಎಳೇ ಕೂಸಿಗೆ ಬೇಕೇನೋ?” ಎಂದರು ತಂದೆ.

ಪುಸ್ತಕ ತೆರೆದು ನೋಡಿದರೆ ಇದ್ದದ್ದೂ ಅದೇ. ಒಂದು ಹಣ್ಣಿನಲ್ಲಿ ಸುಮಾರು 2000 ಬೀಜಗಳು; ಮರವಾಗುವುದು ಎಲ್ಲೋ ಒಂದು. ಅದೂ ಪಾಲೊ ವರ್ಡೆ, ಮೆಸ್ಕೀಟ್ ಮುಂತಾದ ಮರಗಳ ನೆರಳಿನಲ್ಲಿ, ಬಿಸಿಲು ಚಳಿಗಳಿಂದ ಪಾರಾದದ್ದು. ಸವಾರೊ ಬೆಳೆದು ನಿಂತ ಮೇಲೆ ಎಷ್ಟೋ ವೇಳೆ, ನೆರಳಿತ್ತ ಆ ಮರವೇ ಸಾಯುತ್ತದೆಯಂತೆ.

“ಹೂ ಯಾವಾಗ?” ಎಂದು ಅವರು ಒಮ್ಮೆ ಕೇಳಿದರು. ತವರಿನಲ್ಲಿಯೇ ಮೊದಲ ಎಂಟು ವರ್ಷಕ್ಕೆ ಅದರ ಎತ್ತರ ಒಂದೂವರೆ ಅಂಗುಲ; ಹೂವಿಗೆ ಸುಮಾರು 35 ವರ್ಷ; ತೋಳು ಒಡೆಯಲು 50 ದಾಟಬೇಕು. ಬಿಳಿಯ ಹೂ ರಾತ್ರಿ ಅರಳಿ ಮರುದಿನ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ನಾಲ್ಕು ತಿಂಗಳಿಗೆ ರಾಗಿ ಕೊಯ್ದು ಬದುಕಿದವರು ಬೆರಳು ಮಡಚಿ ಲೆಕ್ಕ ಹಾಕಿದರು. “ನಿನಗೇ ಎಪ್ಪತ್ತೈದು ದಾಟಿರ್ತದೆ. ನನ್ನ ಲೆಕ್ಕ ಬಿಡು” ಎಂದು ಹೇಳಿ, ಚೊಂಬು ಹಿಡಿದು ನೀರು ಚಿಮುಕಿಸಲು ಎದ್ದರು. ಮೂರು ವರ್ಷ ಆ ಕೆಲಸ ಅವರದೇ ಆಗಿತ್ತು.

ಅವರು ಹೋದ ಮೇಲೆ ಕುಂಡ ನನ್ನ ಪಾಲಿಗೆ ಬಂದಿದೆ. ಈಗ ಐದು ಸಸಿಗಳಿವೆ, ಹೆಬ್ಬೆರಳಿನಷ್ಟು ಎತ್ತರ. ಈ ಬೇಸಗೆ ಅವನ್ನು ಬಿಡಿಬಿಡಿಯಾಗಿ ಬೇರೆ ಕುಂಡಗಳಿಗೆ ಹಾಕಿದೆ. ಕರಿಬೇವಿನ ನೆರಳಿನಿಂದ ಇನ್ನೂ ಆಚೆಗೆ ತಂದಿಲ್ಲ.