ಬೀಗ ಹಾಕಿ ಊರಿಗೆ ಹೊರಡುವ ಮುನ್ನ

ಉದ್ಯೋಗದ ನಿಮಿತ್ತ ಊರು ಬಿಟ್ಟು ಬಂದು ಟಾಲಿಗಂಜಿನಲ್ಲಿ ಸಂಸಾರ ಹೂಡಿರುವ ನಮಗೆ ವರ್ಷದಲ್ಲಿ ಎರಡು ಕಾಲ ಬಲು ಪ್ರಿಯ: ಮಕ್ಕಳ ಬೇಸಿಗೆ ರಜೆ, ದುರ್ಗಾಪೂಜೆಯ ರಜೆ. ಆಗೆಲ್ಲ ನಮ್ಮ ಮನಸ್ಸು ಹೌರಾ ನಿಲ್ದಾಣದ ಕಡೆಗೇ. ಆದರೆ ನಮಗೆ ಪ್ರಿಯವಾದ ಕಾಲವೇ ಕಳ್ಳನಿಗೂ ಪ್ರಿಯ. ನಮ್ಮ ಊರಿನ ದಾರಿ ಎರಡು ಸಾವಿರ ಕಿಲೋಮೀಟರಿಗೆ ಸಮೀಪದ್ದು. ಹೋದವರು ಹದಿನೈದು ದಿನಕ್ಕೆ ಮೊದಲು ಮರಳುವುದು ಅಪರೂಪ. ಕದ ಮುರಿದ ಸುದ್ದಿ ಬಂದರೂ ಕೂಡಲೇ ಓಡಿಬರುವುದು ಎಲ್ಲರಿಗೂ ಆಗದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದೆಂದು ಈ ನಾಲ್ಕು ಮಾತು.

ಇಲ್ಲಿಯ ಮನೆಗಳಿಗೆ ಮಡಿಚುವ ಕಬ್ಬಿಣದ ಗೇಟು, ಕಿಟಕಿಗೆ ಗ್ರಿಲ್ಲು ಸಾಮಾನ್ಯವಾಗಿ ಉಂಟು. ಅವು ಇವೆಯೆಂದು ಸುಮ್ಮನಿರುವುದು ಸಾಲದು. ಬಂಗಾಳದ ತೇವಕ್ಕೆ ಗ್ರಿಲ್ಲಿನ ಬುಡ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಅಲುಗಾಡಿಸಿ ನೋಡಬೇಕು. ಗೇಟಿನ ಹೊರಗೆ ತೂಗುವ ದಪ್ಪ ಬೀಗ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಸಾರುವ ಫಲಕದಂತೆಯೇ. ಬಾಗಿಲಿನೊಳಗೇ ಕೂರುವ ಬೀಗ ಮೇಲು. ಮಾಳಿಗೆಯ ಬಾಗಿಲನ್ನೂ ಸ್ನಾನದ ಮನೆಯ ಕಿಂಡಿಯನ್ನೂ ಮರೆಯಬಾರದು. ಬೀಗದ ಕೈಯನ್ನು ಹೂವಿನ ಕುಂಡದ ಕೆಳಗಿಡುವ ಪದ್ಧತಿ ನಮಗಿಂತ ಕಳ್ಳರಿಗೇ ಚೆನ್ನಾಗಿ ಗೊತ್ತು. ರೈಲಿನಲ್ಲಿ ಕುಳಿತ ಚಿತ್ರವನ್ನು ಮೊಬೈಲಿನಲ್ಲಿ ಊರಿಗೆಲ್ಲ ಹಂಚುವ ಮಕ್ಕಳಿಗೂ, ಮರಳಿ ಬಂದ ಮೇಲೆ ಹಂಚಿದರೆ ಸಾಕೆಂದು ತಿಳಿಹೇಳಬೇಕು.

ಒಡವೆ ಬ್ಯಾಂಕಿನ ಲಾಕರಿನಲ್ಲಿರಲಿ. ೨೦೨೨ರ ಜನವರಿ ೧ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಲಾಕರಿನಲ್ಲಿದ್ದುದು ಬೆಂಕಿ, ಕಳವು, ನೌಕರರ ಮೋಸ ಮುಂತಾದವುಗಳಿಂದ ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ೧೦೦ ಪಟ್ಟು. ಬಾಡಿಗೆ ೩,೦೦೦ ರೂಪಾಯಿಯಾದರೆ ಮೂರು ಲಕ್ಷ. ಅದಕ್ಕೆ ಮಿಕ್ಕ ಬೆಲೆಯ ಒಡವೆಗೆ ವಿಮೆಯನ್ನೂ ವಿಚಾರಿಸುವುದು ಒಳ್ಳೆಯದು. ಪ್ರತಿಯೊಂದು ಒಡವೆಯ ಚಿತ್ರ, ರಸೀತಿ, ಹಾಲ್‌ಮಾರ್ಕಿನ ಆರಕ್ಷರದ ಗುರುತನ್ನು ಬರೆದಿಟ್ಟರೆ, ಸಿಕ್ಕ ಮಾಲು ನಮ್ಮದೆಂದು ತೋರಿಸುವುದು ಸುಲಭ.

ಇಷ್ಟೆಲ್ಲ ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ನಮ್ಮವರು ಎಷ್ಟೋ ವರ್ಷ ಇಲ್ಲಿದ್ದರೂ ನೆಂಟತನ, ಹಬ್ಬ, ಹರಟೆ ಎಲ್ಲ ಕನ್ನಡದವರೊಡನೆಯೇ. ಎದುರು ಮನೆಯವರ ಹೆಸರೂ ತಿಳಿಯದು. ಹೀಗಿರುವಾಗ ನಮ್ಮ ಬಾಗಿಲ ಬಳಿ ಅಪರಿಚಿತನೊಬ್ಬ ನಿಂತಿದ್ದರೆ, ಅವನು ನಮ್ಮ ಅಣ್ಣನೋ ಕಳ್ಳನೋ ಎಂದು ಅವರಾದರೂ ಹೇಗೆ ಅರಿತಾರು?

ಈ ಸೀಮೆಯ ಚರಿತ್ರೆಯಲ್ಲೇ ನಮಗೊಂದು ಪಾಠವಿದೆ. ೧೯೫೦ರ ಆಸುಪಾಸಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಟಾಲಿಗಂಜ್, ಜಾದವಪುರಗಳ ಸುತ್ತ ಖಾಲಿ ನೆಲದಲ್ಲಿ ಕಾಲೊನಿಗಳನ್ನು ಕಟ್ಟಿಕೊಂಡರು. ಬಿದಿರ ತಡಿಕೆಯ ಗುಡಿಸಲಿಗೆ ಭದ್ರವಾದ ಕದವೆಲ್ಲಿಯದು? ಜಮೀನುದಾರರ ಕಡೆಯ ಗೂಂಡಾಗಳು ಎಬ್ಬಿಸಲು ಬಂದಾಗ ಹೆಂಗಸರು ಶಂಖ ಊದುವರು. ಕೇಳಿದವರೆಲ್ಲ ಓಡಿ ಬರುವರು. ಸರದಿಯ ಮೇಲೆ ರಾತ್ರಿ ಕಾವಲೂ ಇತ್ತು. ಅವರೂ ನಮ್ಮಂತೆ ಊರು ಬಿಟ್ಟು ಬಂದವರೇ. ನೆರೆಹೊರೆಯೇ ಅವರ ಅಗುಳಿಯಾಗಿತ್ತು.

ಆದುದರಿಂದ ಹೊರಡುವ ವಾರಕ್ಕೆ ಮೊದಲೇ ನೆರೆಯವರಲ್ಲಿ ಒಬ್ಬರಿಗಾದರೂ ನಮ್ಮ ದೂರವಾಣಿ ಸಂಖ್ಯೆ ಕೊಟ್ಟು, ಬಾಗಿಲಲ್ಲಿ ಬೀಳುವ ಪತ್ರಿಕೆ ಕಾಗದಗಳನ್ನು ಎತ್ತಿಡುವಂತೆ ಕೇಳಿಕೊಳ್ಳೋಣ. ಠಾಣೆಗೂ ತಿಳಿಸೋಣ. ವಯಸ್ಸಾದ ಅಪ್ಪ ಅಮ್ಮಂದಿರನ್ನು ಒಂಟಿಯಾಗಿ ಬಿಟ್ಟು ಹೋಗಬೇಕಾದವರು ಕೋಲ್ಕತ್ತಾ ಪೊಲೀಸರ ‘ಪ್ರಣಾಮ್’ ಯೋಜನೆಯನ್ನು ವಿಚಾರಿಸಬೇಕು; ಒಂಟಿ ಹಿರಿಯರಿಗಾಗಿಯೇ ಅದು ೨೦೦೯ರಲ್ಲಿ ಹುಟ್ಟಿತು. ಗ್ಯಾಸು, ವಿದ್ಯುತ್ತು ಎಂದು ಹೇಳಿಕೊಂಡು ಬಂದವರಿಗೆ ಗುರುತಿನ ಚೀಟಿ ನೋಡದೆ ಬಾಗಿಲು ತೆರೆಯಬಾರದೆಂದು ಅಜ್ಜಿಗೂ ಹೇಳಿಡಬೇಕು, ಮನೆಗೆಲಸದ ಮಾಸಿಗೂ ಹೇಳಿಡಬೇಕು.

ಮನೆಯಲ್ಲಿರುವಾಗಲೇ ಕಳ್ಳ ನುಗ್ಗಿದರೆ ಹಿಡಿಯುವ ಸಾಹಸ ಬೇಡ; ಚಿನ್ನಕ್ಕಿಂತ ಪ್ರಾಣ ದೊಡ್ಡದು. ಕೋಣೆಯ ಚಿಲಕ ಹಾಕಿಕೊಂಡು ೧೦೦ಕ್ಕೋ ೧೧೨ಕ್ಕೋ ಕರೆ ಮಾಡಿ, ಕಿಟಕಿಯಿಂದ ಕೂಗಿ. ಬಂಗಾಳಿ ಬಾರದವರೂ ಅಂಜಬೇಕಾಗಿಲ್ಲ. ‘ಚೋರ’ ಎಂಬ ಮಾತು ಎರಡು ನುಡಿಗೂ ಸೇರಿದ್ದು! ಕಳವಾದ ಮೇಲೆ ತಿಳಿದರೆ ಏನನ್ನೂ ಮುಟ್ಟದೆ ಪೊಲೀಸರಿಗಾಗಿ ಕಾಯಬೇಕು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಟಾಲಿಗಂಜಿನ ಕಳವಿಗೆ ಧಾರವಾಡದ ಠಾಣೆಯಲ್ಲಿಯೂ ದೂರು ಕೊಡಬಹುದು. ದೂರಿನ ಪ್ರತಿ ಉಚಿತವಾಗಿ ದೊರೆಯಬೇಕು.

ಈ ಸಲದ ಪೂಜೆಗೆ ಇನ್ನೂ ಕಾಲವಿದೆ. ಚಕ್ಕುಲಿ ಕರಿದ ದಿನ ಒಂದು ತಟ್ಟೆ ಎದುರು ಮನೆಗೂ ಹೋಗಲಿ. ಗೃಹಿಣಿಯರು ಈ ಕೆಲಸವನ್ನು ವಹಿಸಿಕೊಂಡರೆ ಗಂಡಸರು ಗ್ರಿಲ್ಲಿನ ತುಕ್ಕನ್ನು ನೋಡಿಕೊಳ್ಳಬಹುದು.